ಸಕ್ಕರೆಯ ಲೆಕ್ಕ

ರೋಗಗಳಲ್ಲಿ ಎರಡು ಜಾತಿ. ಕೆಲವು ನಂಟರಂತೆ ಬಂದು, ನಾಲ್ಕು ದಿನ ಮನೆಯವರನ್ನೆಲ್ಲ ಗೋಳುಹೊಯ್ದುಕೊಂಡು, ಐದನೆಯ ದಿನ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗತಕ್ಕವು. ಇನ್ನು ಕೆಲವು ಮನೆಯಳಿಯನಂತೆ ಬಂದು ಸೇರತಕ್ಕವು. ಅವು ಹೋಗುವ ಮಾತೇ ಇಲ್ಲ. ಅವುಗಳೊಡನೆ ದಿನವೂ ಜಗಳವಾಡಿ ಪ್ರಯೋಜನವಿಲ್ಲ. ಅವು ಇರುವುದನ್ನೇ ಮರೆತೆವಾದರೆ ಮನೆಯೆಲ್ಲ ಅವುಗಳ ವಶವಾದೀತು. ಅವುಗಳ ಗುಣಸ್ವಭಾವಗಳನ್ನು ಅರಿತುಕೊಂಡು, ಇಷ್ಟೇ ಎಂದು ಗೆರೆಯೆಳೆದು ಬಡಿಸಿ, ಬಾಳುವೆ ಸಾಗಿಸುವುದೊಂದೇ ದಾರಿ. ಮಧುಮೇಹವು ಈ ಎರಡನೆಯ ಜಾತಿಯದು. ನಮ್ಮ ಕಡೆಯ ಹಳ್ಳಿಗರು ಇದನ್ನು ‘ಸಕ್ಕರಿ ಬ್ಯಾನಿ’ ಎನ್ನುತ್ತಾರೆ. ಪಟ್ಟಣದವರು ‘ಶುಗರು’ ಎನ್ನುತ್ತಾರೆ. ಯಾವ ಹೆಸರಿನಿಂದ ಕರೆದರೂ ಓಗೊಡುವ ಅಳಿಯನೀತ.

ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತವನ್ನು ಹೇಳಿಕೊಟ್ಟು, ಈಗ ನಿವೃತ್ತನಾಗಿರತಕ್ಕವನು. ಈ ಅಳಿಯದೇವರು ನನ್ನ ಮನೆಗೆ ಬಿಜಯಂಗೈದು ಹನ್ನೊಂದು ವರ್ಷಗಳಾದವು. ನನ್ನ ಅಣ್ಣನವರಿರುವುದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಆ ಊರನ್ನು ವಾಚಕರಲ್ಲಿ ಅನೇಕರು ಅಲ್ಲಿಯ ಕೆಂಪು ಬಾಳೆಹಣ್ಣಿನ ಮೂಲಕ ಬಲ್ಲರು. ಭೌಗೋಳಿಕ ಸೂಚಕವೆಂಬ ಸರಕಾರೀ ಮನ್ನಣೆಯನ್ನು ಪಡೆದಿರುವ ಹಣ್ಣದು. ಬೇರೆ ಬಾಳೆಗಳು ಸುಮಾರು ಒಂದು ವರ್ಷಕ್ಕೆ ಗೊನೆ ಕೊಟ್ಟರೆ, ಇದು ಒಂದೂವರೆ ವರ್ಷದವರೆಗೆ ಒಕ್ಕಲಿಗನನ್ನು ಕಾಯಿಸುತ್ತದೆ. ಅಣ್ಣನವರದು ಅಂಥದೊಂದು ತೋಟ. ಅವರಿಗೂ ಮಧುಮೇಹ, ಅದೂ ನನಗಿಂತ ಮೂರು ವರ್ಷ ಮೊದಲೇ ಬಂದದ್ದು. ಹೀಗೆ ನಮ್ಮಿಬ್ಬರದು ಒಂದೇ ರಕ್ತ, ಒಂದೇ ರೋಗ; ಆದರೆ ಬಹುಕಾಲದವರೆಗೆ ಆ ರೋಗವನ್ನು ಕುರಿತು ಎರಡು ಮತಗಳಿದ್ದುವು. ಅಳೆಯದೆ ನಂಬಬಾರದೆಂಬುದು ನನ್ನ ಮತ; ನಂಬಿದ ಮೇಲೆ ಅಳೆಯುವುದೇತಕ್ಕೆಂಬುದು ಅವರ ಮತ. ಈ ಎರಡು ಮತಗಳ ನಡುವೆ ಏನು ನಡೆಯಿತೆಂಬುದನ್ನು ಗೃಹಸ್ಥರಾದ ವಾಚಕರ ಮುಂದೆ ಇರಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆಯ ಮಾತು. ಈ ರೋಗವನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ರೋಗಿಯ ಮೂತ್ರವು ಜೇನಿನಂತೆ ಸಿಹಿಯಾಗುವುದನ್ನೂ ಅದಕ್ಕೆ ಇರುವೆಗಳು ಮುತ್ತುವುದನ್ನೂ ಕಂಡು, ಪ್ರಾಚೀನ ವೈದ್ಯರು ಇದಕ್ಕೆ ಮಧುಮೇಹವೆಂದು ಹೆಸರಿಟ್ಟರು. ಇರುವೆಯೇ ಆ ಕಾಲದ ಪರೀಕ್ಷಾಲಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೇರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬ ರಸಾಯನಶಾಸ್ತ್ರಜ್ಞನು ಇರುವೆಯ ಕೆಲಸವನ್ನು ಒಂದು ನೀಲಿ ದ್ರವಕ್ಕೆ ವಹಿಸಿದನು. ನಮ್ಮ ತಂದೆಯವರಿಗೂ ಮಧುಮೇಹವಿದ್ದಿತು. ಸುಮಾರು ೧೯೭೪ರಲ್ಲಿ, ನಾನು ಹನ್ನೆರಡು ವರ್ಷದ ಹುಡುಗನಾಗಿದ್ದಾಗ, ಅವರು ಬೆಳಗಾಗುತ್ತಲೆ ಸ್ಪಿರಿಟ್ ದೀಪವನ್ನು ಹೊತ್ತಿಸಿ, ಗಾಜಿನ ನಳಿಗೆಯಲ್ಲಿ ಆ ನೀಲಿ ದ್ರವಕ್ಕೆ ಮೂತ್ರದ ಕೆಲವು ಹನಿಗಳನ್ನು ಹಾಕಿ ಕಾಯಿಸುತ್ತಿದ್ದುದು ನನಗೆ ನೆನಪಿದೆ. ನೀಲಿಯಾಗಿಯೇ ಉಳಿದರೆ ಕ್ಷೇಮ. ಹಸುರಾದರೆ ತುಸು ಸಕ್ಕರೆ. ಹಳದಿ, ಕಿತ್ತಳೆಯಾದರೆ ಹೆಚ್ಚು. ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಆ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ.

ಆದರೆ ಆ ಪರೀಕ್ಷೆಯಲ್ಲಿ ಒಂದು ದೊಡ್ಡ ಕೊರತೆಯಿದ್ದಿತು. ನೂರು ಮಿಲಿಲೀಟರು ರಕ್ತದಲ್ಲಿ ಸಕ್ಕರೆಯು ಸುಮಾರು ೧೮೦ ಮಿಲಿಗ್ರಾಮನ್ನು ದಾಟಿದ ಮೇಲೆಯೇ ಅದು ಮೂತ್ರಪಿಂಡಗಳ ಕಟ್ಟೆಯನ್ನು ಮೀರಿ ಮೂತ್ರಕ್ಕೆ ಇಳಿಯುತ್ತದೆ. ಕೆರೆಯ ಕೋಡಿ ಬಿದ್ದ ಮೇಲೆ ನೀರು ಹೆಚ್ಚಾಯಿತೆಂದು ತಿಳಿಯುವಂಥ ತಿಳಿವಳಿಕೆ ಅದು. ಕೋಡಿ ಬೀಳುವುದಕ್ಕೆ ಮೊದಲು ಎಷ್ಟು ತುಂಬಿದೆಯೆಂಬುದು ಆಗ ಮನೆಯಲ್ಲಿ ಗೊತ್ತಾಗುವಂತಿರಲಿಲ್ಲ. ತಂದೆಯವರು ಪಥ್ಯದಲ್ಲಿ ಬಹು ಕಟ್ಟುನಿಟ್ಟಿನವರಾಗಿದ್ದರೂ, ಕೊನೆಯ ವರ್ಷಗಳಲ್ಲಿ ಅವರ ಕಣ್ಣು ಮಬ್ಬಾಯಿತು. ಪತ್ರಿಕೆಯನ್ನು ನಾನು ಓದಿ ಹೇಳಬೇಕಾಗುತ್ತಿತ್ತು. ಈ ಸ್ಮರಣೆಯಿಂದಲೇ ನನಗೆ ಅಳತೆಯ ಮೇಲೆ ಇಷ್ಟು ಆಸಕ್ತಿ ಹುಟ್ಟಿತೆಂದು ತೋರುತ್ತದೆ.

ಈಗ ಕೋಡಿ ಬೀಳುವವರೆಗೆ ಕಾಯಬೇಕಾದುದಿಲ್ಲ. ಅಂಗೈಯಲ್ಲಿ ಹಿಡಿಸುವ ಯಂತ್ರವೊಂದು, ಬೆರಳ ತುದಿಯ ಒಂದು ಸಣ್ಣ ಹನಿ ರಕ್ತವನ್ನು ಸ್ಟ್ರಿಪ್ಪೆಂಬ ಪಟ್ಟಿಯ ಮೂಲಕ ಹೀರಿಕೊಂಡು, ಕೆಲವು ಸೆಕೆಂಡುಗಳಲ್ಲಿ ಅಂಕೆಯನ್ನು ತೋರಿಸುತ್ತದೆ. ರಾತ್ರಿಯೆಲ್ಲ ಉಪವಾಸವಿದ್ದು ಬೆಳಗ್ಗೆ ಪರೀಕ್ಷಾಲಯದಲ್ಲಿ ನೋಡಿದಾಗ ೧೦೦ಕ್ಕಿಂತ ಕಡಿಮೆಯಿದ್ದರೆ ಸಹಜ; ೧೦೦ರಿಂದ ೧೨೫ರವರೆಗೆ ಇದ್ದರೆ ಅಳಿಯನು ಹೊಸಿಲಿನ ಮೇಲೆ ನಿಂತಿದ್ದಾನೆ; ೧೨೬ನ್ನು ಮುಟ್ಟಿ, ಇನ್ನೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ಒಳಗೆ ಬಂದು ಕುಳಿತನೆಂದೇ ಅರ್ಥ.

ಇದಲ್ಲದೆ ಎಚ್‌ಬಿ-ಎ-ಒನ್-ಸಿ ಎಂಬ ಇನ್ನೊಂದು ಪರೀಕ್ಷೆಯಿದೆ. ರಕ್ತದಲ್ಲಿಯ ಸಕ್ಕರೆಯು ಕೆಂಪು ಕಣಗಳ ಹಿಮೋಗ್ಲೋಬಿನ್ನಿಗೆ ಮೆಲ್ಲಮೆಲ್ಲನೆ ಅಂಟಿಕೊಳ್ಳುತ್ತದೆ. ಆ ಕಣಗಳ ಆಯುಷ್ಯ ಸುಮಾರು ೧೨೦ ದಿನ. ಆದಕಾರಣ ಎಷ್ಟು ಅಂಟಿದೆಯೆಂಬುದನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳುಗಳ ಸರಾಸರಿ ತಿಳಿಯುತ್ತದೆ. ಮಧುಮೇಹಿಗಳ ರಕ್ತದಲ್ಲಿ ಈ ವ್ಯತ್ಯಾಸವನ್ನು ೧೯೬೮ರಲ್ಲಿ ಗುರುತಿಸಿದವನು ಇರಾಣದ ವಿಜ್ಞಾನಿ ಸ್ಯಾಮ್ಯುಯೆಲ್ ರಹಬಾರ್. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನೂರಕ್ಕೆ ೬.೫ನ್ನು ರೋಗನಿರ್ಣಯದ ಗಡಿಯೆಂದು ಒಪ್ಪಿಕೊಂಡಿತು. ಮಾಸ್ತರನಾದ ನನಗೆ ಇವೆರಡರ ಭೇದವು ಸುಲಭವಾಗಿ ತಿಳಿಯಿತು: ಬೆರಳಿನ ಪರೀಕ್ಷೆಯು ದಿನದ ಹಾಜರಿ, ಇದು ಮೂರು ತಿಂಗಳ ಪರೀಕ್ಷೆಯ ಅಂಕಪಟ್ಟಿ. ವೈದ್ಯರ ಬಳಿಗೆ ಹೋಗುವ ಹಿಂದಿನ ನಾಲ್ಕು ದಿನ ಮಾತ್ರ ಪಥ್ಯ ಮಾಡಿದವನು ಹಾಜರಿಯಲ್ಲಿ ತಪ್ಪಿಸಿಕೊಂಡಾನು, ಅಂಕಪಟ್ಟಿಯಲ್ಲಿ ತಪ್ಪಿಸಿಕೊಳ್ಳಲಾರನು. ಗೃಹಿಣಿಯರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು: ಮೈಯಲ್ಲಿ ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಿದ್ದರೆ ಈ ಅಂಕೆಯು ಇದ್ದುದಕ್ಕಿಂತ ಹೆಚ್ಚಾಗಿ ಬರುವ ಸಂಭವವುಂಟು. ಅಂಥವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಇನ್ನು ಅಡಿಗೆಮನೆಯ ಮಾತು. ನಮ್ಮ ಸೀಮೆಯು ಜೋಳದ ಸೀಮೆ, ತೊಗರಿಯ ಸೀಮೆ. ಜೋಳದ ರೊಟ್ಟಿಯುಣ್ಣುವವರಿಗೆ ಈ ರೋಗದ ಭಯವಿಲ್ಲವೆಂದೂ, ಬಂದರೂ ಅನ್ನವನ್ನು ಬಿಟ್ಟು ರೊಟ್ಟಿಯನ್ನು ಬೇಕಾದಷ್ಟು ಉಣ್ಣಬಹುದೆಂದೂ ನಮ್ಮಲ್ಲಿ ಬಲವಾದ ನಂಬಿಕೆಯಿದೆ. ಈ ನಂಬಿಕೆಯನ್ನು ತಳ್ಳುವುದಕ್ಕೂ ಒಪ್ಪುವುದಕ್ಕೂ ಮೊದಲು ನಾನೂ ನನ್ನ ಹೆಂಡತಿಯೂ ಒಂದು ತಿಂಗಳ ಕಾಲ ಅದನ್ನು ಅಳೆದು ನೋಡಿದೆವು. ನಿಯಮವಿಷ್ಟೆ: ಮಧ್ಯಾಹ್ನದ ಊಟಕ್ಕೆ ಮುಂಚೆ ಒಮ್ಮೆ, ಮೊದಲನೆಯ ತುತ್ತಿನಿಂದ ಸರಿಯಾಗಿ ಎರಡು ತಾಸಿನ ಮೇಲೆ ಮತ್ತೊಮ್ಮೆ ಪರೀಕ್ಷೆ, ಒಂದೊಂದು ಊಟವನ್ನೂ ಮೂರು ಬೇರೆ ಬೇರೆ ದಿನ ಮಾಡಿ ಸರಾಸರಿ ತೆಗೆಯುವುದು, ಮಾತ್ರೆ, ಊಟದ ವೇಳೆ, ತಿರುಗಾಟ ಇವು ಯಾವುವನ್ನೂ ಬದಲಿಸದಿರುವುದು. ಊಟಕ್ಕೆ ಮುಂಚಿನ ಅಂಕೆ ಎಲ್ಲ ದಿನಗಳಲ್ಲಿಯೂ ಹೆಚ್ಚುಕಡಿಮೆ ೧೨೫ರ ಸುತ್ತಲೇ ಇದ್ದಿತು.

ಫಲವು ಹೀಗೆ ಬಂದಿತು. ಒಂದು ತಟ್ಟೆ ತುಂಬ ಅನ್ನ, ತಿಳಿಸಾರು, ಹಪ್ಪಳ: ೨೩೧. ನಾಲ್ಕು ಜೋಳದ ರೊಟ್ಟಿ, ಪುಂಡಿಪಲ್ಯ: ೨೧೨. ಎರಡು ಜೋಳದ ರೊಟ್ಟಿ, ಗಟ್ಟಿಯಾದ ತೊಗರಿಬೇಳೆ, ಬದನೆಯ ಎಣ್ಣೆಗಾಯಿ, ಹಸಿ ಮೆಂತ್ಯದ ಪಚಡಿ, ಮಜ್ಜಿಗೆ: ೧೬೧. ನನ್ನ ಹೆಂಡತಿಯು ಈ ಅಂಕೆಗಳನ್ನು ನೋಡಿ, “ಹಂಗಾದ್ರ ತಪ್ಪು ಜ್ವಾಳದ್ದೂ ಅಲ್ಲ, ಅಕ್ಕೀದೂ ಅಲ್ಲರಿ. ಎಷ್ಟು ನೀಡಿದ್ವಿ ಅನ್ನೋದರಾಗ ಅದ” ಎಂದಳು. ಗಣಿತದ ಮಾಸ್ತರನು ಎರಡು ಪುಟದಲ್ಲಿ ಹೇಳಬಹುದಾದುದನ್ನು ಆಕೆ ಒಂದು ಮಾತಿನಲ್ಲಿ ಹೇಳಿಬಿಟ್ಟಳು. ಜೋಳವೂ ನೂರು ಗ್ರಾಮಿಗೆ ಎಪ್ಪತ್ತರ ಸಮೀಪದಷ್ಟು ಪಿಷ್ಟವುಳ್ಳ ಧಾನ್ಯವೇ. ಅದರಲ್ಲಿ ನಾರು ಹೆಚ್ಚು, ಕರಗುವುದು ನಿಧಾನ. ಆದರೆ ನಾಲ್ಕು ರೊಟ್ಟಿಯ ಪಿಷ್ಟವು ನಾಲ್ಕು ರೊಟ್ಟಿಯದೇ. ಬೇಳೆ, ಪಲ್ಯ, ಪಚಡಿಗಳು ಹೊಟ್ಟೆಯನ್ನು ತುಂಬಿ, ಆ ಪಿಷ್ಟವು ರಕ್ತಕ್ಕೆ ಒಮ್ಮೆಲೆ ನುಗ್ಗದಂತೆ ತಡೆಯುತ್ತವೆ. ಹಾಗೆಯೇ ನಮ್ಮೂರಿನ ಚಹದ ಲೆಕ್ಕವನ್ನೂ ಹಾಕಿದೆವು. ಒಂದು ಕಪ್ಪಿಗೆ ಎರಡು ಚಮಚೆ, ಅಂದರೆ ಸುಮಾರು ಹತ್ತು ಗ್ರಾಮು ಸಕ್ಕರೆ; ಹೋದಲ್ಲೆಲ್ಲ ಚಹ ಕೊಡುವ ಊರಿನಲ್ಲಿ ಆರು ಕಪ್ಪು ಕುಡಿದವನು ಅರವತ್ತು ಗ್ರಾಮನ್ನು ಮಾತಿನ ಭರದಲ್ಲಿಯೇ ನುಂಗಿರುತ್ತಾನೆ. ಸಕ್ಕರೆಗೆ ಬದಲು ಬೆಲ್ಲ ಹಾಕಿದರೆ ದೋಷವಿಲ್ಲವೆನ್ನುವವರುಂಟು. ಬೆಲ್ಲವೂ ಬಹುಭಾಗ ಸಕ್ಕರೆಯೇ. ಬಣ್ಣ ಬೇರೆ, ಕುಲ ಒಂದೇ.

ನಿತ್ಯವೂ ಬರುವ ಆಹಾರಸಂಶೋಧನೆಯ ವಾರ್ತೆಗಳನ್ನು ಏನು ಮಾಡಬೇಕೆಂಬುದು ಮುಂದಿನ ಪ್ರಶ್ನೆ. ಪತ್ರಿಕೆಯಲ್ಲಿ ಒಂದು, ನೆರೆಮನೆಯವರ ದೂರವಾಣಿಯಲ್ಲಿ ಎರಡು, ಮದುವೆಯ ಪಂಕ್ತಿಯಲ್ಲಿ ಮೂರು. ಹಾಗಲಕಾಯಿ, ನೇರಳೆಬೀಜ, ದಾಲ್ಚಿನ್ನಿ ಎಂದು ಪಟ್ಟಿಗೆ ಕೊನೆಯಿಲ್ಲ. ನಾನು ಪ್ರತಿಯೊಂದು ವಾರ್ತೆಗೂ ನಾಲ್ಕು ಪ್ರಶ್ನೆಗಳನ್ನು ಹಾಕುತ್ತೇನೆ. ಇದನ್ನು ಮನುಷ್ಯರ ಮೇಲೆ ನೋಡಿದರೋ, ಇಲಿಗಳ ಮೇಲೋ? ಎಷ್ಟು ಜನರ ಮೇಲೆ, ಎಷ್ಟು ದಿನ? ಯಾವುದರೊಡನೆ ಹೋಲಿಸಿದರು? ಹೇಳುವವನೇ ಅದನ್ನು ಮಾರುವವನೋ? ನಾಲ್ಕರಲ್ಲಿಯೂ ತೇರ್ಗಡೆಯಾದ ವಾರ್ತೆಯು ಊಟದ ವಿಷಯದ್ದಾದರೆ ನನ್ನ ಬೆರಳ ತುದಿಯಲ್ಲಿ ಐದನೆಯ ಪರೀಕ್ಷೆಗೆ ಕುಳಿತುಕೊಳ್ಳುತ್ತದೆ. ಔಷಧದ ವಿಷಯದ್ದಾದರೆ ನೇರವಾಗಿ ವೈದ್ಯರ ಮೇಜಿಗೆ ಹೋಗುತ್ತದೆ.

ಹೀಗೆ ಜರಡಿ ಹಿಡಿದಾಗ ಉಳಿದ ಕಾಳುಗಳೂ ಇವೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರ ನೇತೃತ್ವದಲ್ಲಿ, ಸಿರಿಧಾನ್ಯಗಳ ಮೇಲೆ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ೨೦೨೧ರಲ್ಲಿ ಒಂದು ವಿಮರ್ಶೆಯನ್ನು ಪ್ರಕಟಿಸಿದರು. ಸಿರಿಧಾನ್ಯವನ್ನು ನಿತ್ಯ ಉಂಡ ಮಧುಮೇಹಿಗಳಲ್ಲಿ ಸಕ್ಕರೆಯು ನೂರಕ್ಕೆ ೧೨ರಿಂದ ೧೫ರಷ್ಟು ಇಳಿದಿದ್ದಿತೆಂಬುದು ಅದರ ಸಾರ. ಆದುದರಿಂದ ನಮ್ಮ ಅಜ್ಜಿಯರ ಜೋಳ ಸಜ್ಜೆಗಳಿಗೆ ಮಾನವುಂಟು. ಆದರೆ ಆ ಮಾನವು ಹದಿನೈದರದು, ನೂರರದಲ್ಲ. ೨೦೧೫ರಲ್ಲಿ ನ್ಯೂಯಾರ್ಕಿನ ವೈದ್ಯರು ಹನ್ನೊಂದು ಮಂದಿಯ ಮೇಲೆ ನೋಡಿ, ತರಕಾರಿ ಮತ್ತು ಪ್ರೋಟೀನುಳ್ಳ ಪದಾರ್ಥಗಳನ್ನು ಮೊದಲು ತಿಂದು ಪಿಷ್ಟಪದಾರ್ಥವನ್ನು ಕೊನೆಗೆ ತಿಂದರೆ ಊಟದ ಮೇಲಿನ ಸಕ್ಕರೆಯು ಗಣನೀಯವಾಗಿ ತಗ್ಗುತ್ತದೆಂದು ಹೇಳಿದರು. ಹನ್ನೊಂದು ಮಂದಿಯೆಂಬುದು ಚಿಕ್ಕ ಲೆಕ್ಕ. ಆದರೆ ಪಚಡಿಯನ್ನು ಮೊದಲು ತಿನ್ನುವುದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ. ೨೦೧೬ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು, ದಿನಕ್ಕೊಮ್ಮೆ ಅರ್ಧ ತಾಸು ನಡೆಯುವುದಕ್ಕಿಂತ ಪ್ರತಿಯೊಂದು ಊಟದ ಮೇಲೆ ಹತ್ತು ಹತ್ತು ನಿಮಿಷ ನಡೆಯುವುದು ಲೇಸೆಂದು ತೋರಿಸಿದರು. ರಾತ್ರಿಯ ಊಟದ ಮೇಲಂತೂ ಸಕ್ಕರೆಯು ನೂರಕ್ಕೆ ೨೨ರಷ್ಟು ಕಡಿಮೆಯಾಗಿದ್ದಿತು. ಅಂದಿನಿಂದ ನಾನು ಬೆಳಗ್ಗೆ ಅಪ್ಪನ ಕೆರೆಯ ದಂಡೆಯಲ್ಲಿ ಮಿತ್ರರೊಡನೆ ಸುತ್ತುವುದನ್ನು ಬಿಡದೆ, ರಾತ್ರಿ ಉಂಡ ಮೇಲೆ ಓಣಿಯ ತುದಿಯವರೆಗೆ ಎರಡು ಸಲ ಹೋಗಿ ಬರುತ್ತೇನೆ.

ಇಷ್ಟನ್ನು ನಾನು ಕಲಬುರಗಿಯಲ್ಲಿ ಕುಳಿತು ಮಾಡುತ್ತಿದ್ದಾಗ, ಕಮಲಾಪುರದಲ್ಲಿ ಅಣ್ಣನವರು ನಗುತ್ತಿದ್ದರು. “ತಮ್ಮಾ, ನೀ ಕುಂತು ಉಣ್ಣೋ ಮನಿಷ್ಯಾ, ನಿನಗ ಲೆಕ್ಕ ಬೇಕು. ಹೊಲದಾಗ ದುಡಿಯೋ ಮೈಗೆ ಯಾ ಲೆಕ್ಕ? ನನ್ನ ನೋಡು, ಬಾರಕೋಲು ಆಗೀನಿ. ಸಕ್ಕರಿ ಬ್ಯಾನಿ ಬರೋದು ಹೊಟ್ಟಿ ಬಂದೋರಿಗೆ” ಎಂಬುದು ಅವರ ವಾದ. ತೆಳ್ಳಗಿನ ಮೈಯೇ ಆರೋಗ್ಯದ ಕುರುಹೆಂಬುದು ನಮ್ಮಲ್ಲಿ ಎಲ್ಲರೂ ನಂಬಿದ ಮಾತು. ಪುಣೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕರು ಲಂಡನ್ನಿನ ಡಾಕ್ಟರ್ ಜಾನ್ ಯಡ್ಕಿನ್ನರೊಡನೆ ಸೇರಿ ೨೦೦೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚುಹಾಕಿಸಿ, ಈ ನಂಬಿಕೆಯನ್ನು ಪ್ರಶ್ನಿಸಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಅಳತೆಯು ಇಬ್ಬರಲ್ಲಿಯೂ ೨೨.೩, ಆದರೆ ಮೈಯಲ್ಲಿಯ ಕೊಬ್ಬು ಆಂಗ್ಲರಲ್ಲಿ ನೂರಕ್ಕೆ ೯.೧, ನಮ್ಮವರಲ್ಲಿ ೨೧.೨. ಹೊರಗೆ ಸಣಕಲಾಗಿ ಕಾಣುವ ಭಾರತೀಯನ ಒಳಗೆ, ಹೊಟ್ಟೆಯ ಸುತ್ತ, ಕೊಬ್ಬು ಅಡಗಿ ಕುಳಿತಿರಬಹುದು. ನಾನು ಇದನ್ನು ಹೇಳಿದಾಗ ಅಣ್ಣನವರು, “ಆಗ್ಲಿ, ಚಿತ್ರದಾಗ ನಾನಿಲ್ಲಲ್ಲ” ಎಂದು ಮಾತು ಮುಗಿಸಿದರು.

ಮೂರು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ಯಾರೋ ಕಳುಹಿಸಿದ ಸಂದೇಶವನ್ನು ನಂಬಿ, ಅವರು ಮಾತ್ರೆಗಳನ್ನು ನಿಲ್ಲಿಸಿ ಯಾವುದೋ ಎಲೆಯ ಕಷಾಯವನ್ನು ಹಿಡಿದರು. ನಲವತ್ತು ದಿನದಲ್ಲಿ ರೋಗವು ಬೇರುಸಹಿತ ಹೋಗುವುದೆಂದು ಅದರಲ್ಲಿ ಹೇಳಿದ್ದಿತಂತೆ. ಮನೆಯಲ್ಲಿ ವೈನಿಯವರ ಹೊರತು ಯಾರಿಗೂ ಇದು ಗೊತ್ತಿರಲಿಲ್ಲ. ಅವರು ಬೇಡವೆಂದು ಹೇಳಿ ಸಾಕಾಗಿ ಸುಮ್ಮನಾಗಿದ್ದರು. ನಲವತ್ತು ದಿನ ಹೋಗಿ ನಾಲ್ಕು ತಿಂಗಳಾದುವು. ಒಂದು ದಿನ ಅಣ್ಣನ ಮಗನು ದೂರವಾಣಿಯಲ್ಲಿ, “ಕಾಕಾ, ಅಪ್ಪಾಜಿ ಕಾಲು ಭಾಳ ಬಾತದರಿ. ವಾಸನಿ ಬರಲಿಕತ್ತದ. ನೋವಿಲ್ಲ ಅಂತಾರ, ದವಾಖಾನಿಗೆ ಬರವಲ್ಲರು. ನೀವು ಬಂದು ಹೇಳ್ರಿ” ಎಂದನು. ನಾನು ಸಿಕ್ಕ ಬಸ್ಸಿನಲ್ಲಿ ಹೋದೆನು.

ಅವರ ಎಡಗಾಲಿನ ಕಿರುಬೆರಳಿನ ಬುಡದಲ್ಲಿ ಜಾಲಿಯ ಮುಳ್ಳೊಂದು ಮುರಿದು ಉಳಿದಿದ್ದಿತು. ಬರಿಗಾಲಿನಲ್ಲಿ ತೋಟದಲ್ಲಿ ಓಡಾಡುವಾಗ ಎಂದು ನೆಟ್ಟಿತೋ ಅವರಿಗೆ ತಿಳಿಯದು. ಮುಳ್ಳು ನೆಟ್ಟರೆ ತಿಳಿಯದವರುಂಟೆ ಎಂದು ವಾಚಕರು ಕೇಳಬಹುದು. ಈ ರೋಗದ ಕ್ರೌರ್ಯವೇ ಅದರಲ್ಲಿದೆ. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಏರಿಯೇ ಇದ್ದರೆ ಪಾದದ ನರಗಳು ಸತ್ವಗೆಡುತ್ತವೆ. ನೋವೆಂಬ ಕಾವಲುಗಾರನು ಮಲಗಿಬಿಡುತ್ತಾನೆ. ಸಣ್ಣ ರಕ್ತನಾಳಗಳು ಕೆಟ್ಟು, ಗಾಯಕ್ಕೆ ಬೇಕಾದ ರಕ್ತವು ಬಾರದು; ಸಿಹಿಯಾದ ರಕ್ತದಲ್ಲಿ ಕ್ರಿಮಿಗಳು ಹಬ್ಬ ಮಾಡುತ್ತವೆ. ‘ನೋವಿಲ್ಲ’ ಎಂಬ ಮಾತು ಬೇರೆ ರೋಗಿಯ ಬಾಯಲ್ಲಿ ಶುಭವಾರ್ತೆ. ಮಧುಮೇಹಿಯ ಕಾಲಿನ ವಿಷಯದಲ್ಲಿ ಅದೇ ಅಪಾಯದ ಗಂಟೆ.

ಕಲಬುರಗಿಯ ಆಸ್ಪತ್ರೆಯೊಂದಕ್ಕೆ ಅಂದೇ ಅವರನ್ನು ಕರೆತಂದೆವು. ಸಕ್ಕರೆಯು ೪೦೦ನ್ನು ದಾಟಿದ್ದಿತು. ಮೂರು ತಿಂಗಳ ಪರೀಕ್ಷೆಯಲ್ಲಿ ೧೨.೪. ಪಾದವು ಉಳಿಯುವುದೋ ಇಲ್ಲವೋ ಮೂರು ದಿನದ ಮೇಲೆ ಹೇಳುತ್ತೇವೆಂದರು ವೈದ್ಯರು. ಆ ಮೂರು ರಾತ್ರಿ ನಾವು ಯಾರೂ ಮಲಗಲಿಲ್ಲ. ವೈನಿಯವರು ಮಾತನ್ನೇ ಆಡದೆ, ಹಾಸಿಗೆಯ ಕೆಳತುದಿಯಲ್ಲಿ ಆ ಪಾದವನ್ನೇ ನೋಡುತ್ತ ಕುಳಿತಿರುತ್ತಿದ್ದರು. ನಾಲ್ಕನೆಯ ದಿನ ಕಿರುಬೆರಳನ್ನು ತೆಗೆದರು, ಪಾದವು ಉಳಿಯಿತು. ಅಮಲಿನಿಂದ ಎಚ್ಚತ್ತ ಮೇಲೆ ಅಣ್ಣನವರು ಬಹಳ ಹೊತ್ತು ಮಾಡಿನ ಕಡೆಗೆ ನೋಡುತ್ತಿದ್ದು, ಆ ಮೇಲೆ ನನ್ನನ್ನು ಕರೆದು, “ತಮ್ಮಾ, ನಿನ್ನ ಆ ಲೆಕ್ಕದ ವಹಿ ತಂದೀಯೇನು?” ಎಂದು ಕೇಳಿದರು. ಅವರಿಗೆ ಉತ್ತರ ಕೊಡುವುದು ನನಗೆ ಕೂಡಲೆ ಸಾಧ್ಯವಾಗಲಿಲ್ಲ.

ಎಲೆಯ ಕಷಾಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನಾವಿಬ್ಬರೂ ನಿತ್ಯ ನುಂಗುವ ಮೆಟ್‌ಫಾರ್ಮಿನ್ ಎಂಬ ಮಾತ್ರೆಯ ವಂಶವನ್ನು ಹುಡುಕಿದರೆ ಅದರ ಮೂಲದಲ್ಲಿಯೂ ಒಂದು ಸಸ್ಯವೇ ಇದೆ. ಯೂರೋಪಿನ ಹಳ್ಳಿಗರು ಔಷಧವಾಗಿ ಬಳಸುತ್ತಿದ್ದ ಗಲೇಗವೆಂಬ ಗಿಡದಲ್ಲಿ ಸಕ್ಕರೆಯನ್ನು ಇಳಿಸುವ ಗುಣವಿದ್ದಿತು, ವಿಷವೂ ಇದ್ದಿತು. ಅದರ ಸತ್ವಕ್ಕೆ ಸಂಬಂಧಪಟ್ಟ, ಆದರೆ ಅದಕ್ಕಿಂತ ಸೌಮ್ಯವಾದ ವಸ್ತುವನ್ನು ರಸಾಯನಶಾಸ್ತ್ರಜ್ಞರು ತಯಾರಿಸಿ, ಫ್ರಾನ್ಸಿನ ಜಾನ್ ಸ್ಟರ್ನ್ ಎಂಬ ವೈದ್ಯನು ರೋಗಿಗಳ ಮೇಲೆ ನೋಡಿ ೧೯೫೭ರಲ್ಲಿ ವರದಿ ಮಾಡಿದ ಮೇಲೆ ಅದು ಔಷಧವೆನಿಸಿಕೊಂಡಿತು. ಎಲೆಗೂ ಮಾತ್ರೆಗೂ ಇರುವ ಅಂತರವು ನಾಡಮದ್ದು ಪರದೇಶದ ಮದ್ದು ಎಂಬುದರಲ್ಲಿಲ್ಲ. ಒಂದನ್ನು ಅಳೆದಿದ್ದಾರೆ, ಇನ್ನೊಂದನ್ನು ಇನ್ನೂ ಅಳೆದಿಲ್ಲ, ಅಂತರವಿಷ್ಟೆ. ಅಳೆದುದನ್ನು ಬಿಟ್ಟು ಅಳೆಯದುದನ್ನು ಹಿಡಿದುದಕ್ಕೆ ನಮ್ಮ ಮನೆತನವು ಒಂದು ಬೆರಳನ್ನು ತೆತ್ತಿದೆ.

ಈಗ ಅಣ್ಣನವರಿಗೆ ಮಾತ್ರೆಯ ಜೊತೆಗೆ ಇನ್ಸುಲಿನ್ನೂ ಉಂಟು. ೧೯೨೧ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿ, ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲು ಚುಚ್ಚಿಸಿದ ಕಥೆಯನ್ನು ನಾನು ಅವರಿಗೆ ಹೇಳಿದಾಗ, ಅವರು ಆ ಹುಡುಗನು ಬದುಕಿದನೇ ಎಂದು ಕೇಳಿದರು. ಮುಂದೆ ಹದಿಮೂರು ವರ್ಷ ಬಾಳಿದನೆಂದೆನು. ಅಂದಿನಿಂದ ಸೂಜಿಯ ಮೇಲೆ ಅವರಿಗೆ ಮುನಿಸಿಲ್ಲ. ವೈಶಾಖದಲ್ಲಿ ನಮ್ಮ ಸೀಮೆಯ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುತ್ತದೆ. ಆಗ ಇನ್ಸುಲಿನ್ನೂ ಕೆಡಬಹುದು, ಪರೀಕ್ಷೆಯ ಸ್ಟ್ರಿಪ್ಪುಗಳೂ ಕೆಟ್ಟು ಸುಳ್ಳು ಅಂಕೆ ಹೇಳಬಹುದು. ತೋಟದ ಮನೆಯಲ್ಲಿ ವಿದ್ಯುತ್ತು ಹೋಗುವುದುಂಟಾದ್ದರಿಂದ, ವೈನಿಯವರು ಮಣ್ಣಿನ ಗಡಿಗೆಯೊಂದರಲ್ಲಿ ನೀರು ಹಾಕಿ, ಅದರೊಳಗೆ ಚಿಕ್ಕ ಕುಡಿಕೆಯನ್ನಿಟ್ಟು, ಬಳಕೆಯಲ್ಲಿರುವ ಇನ್ಸುಲಿನ್ನಿನ ಶೀಸೆಯನ್ನು ನೀರು ತಾಕದಂತೆ ಅದರಲ್ಲಿಡುತ್ತಾರೆ. ಸ್ಟ್ರಿಪ್ಪಿನ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ನಡುಮನೆಯ ತಂಪಾದ ಗೂಡಿನಲ್ಲಿಡುತ್ತಾರೆ.

ಅವರು ಪರೀಕ್ಷೆಯನ್ನು ಆರಂಭಿಸಿದ ಮೊದಲನೆಯ ವಾರದಲ್ಲಿಯೇ ಒಂದು ತಮಾಷೆ ನಡೆಯಿತು. ಒಂದು ಸಂಜೆ ಯಂತ್ರವು ೩೪೭ ಎಂದಿತು. ಮನೆಯೆಲ್ಲ ಗಾಬರಿ, ನನಗೆ ದೂರವಾಣಿ. ಏನು ತಿಂದಿರೆಂದು ಕೇಳಿದರೆ ಏನೂ ಇಲ್ಲ. ಏನು ಮುಟ್ಟಿದಿರೆಂದು ಕೇಳಿದೆನು. ಗಿರಾಕಿಗೆ ತೋರಿಸಲೆಂದು ಕೆಂಪು ಬಾಳೆಹಣ್ಣನ್ನು ಸುಲಿದು ಕೊಟ್ಟು, ಅದೇ ಕೈಯಿಂದ ಬೆರಳು ಚುಚ್ಚಿಕೊಂಡಿದ್ದರು. ಸಾಬೂನಿನಿಂದ ಕೈ ತೊಳೆದು, ಚೆನ್ನಾಗಿ ಒರಸಿಕೊಂಡು ನೋಡಿರೆಂದೆನು. ೧೭೨ ಬಂದಿತು. ಬೆರಳಿಗೆ ಅಂಟಿದ ಹಣ್ಣಿನ ರಸವೂ ಸಕ್ಕರೆಯೇ ಅಲ್ಲವೆ? ಯಂತ್ರಕ್ಕೆ ರಕ್ತದ ಸಕ್ಕರೆ ಯಾವುದು, ತೋಟದ ಸಕ್ಕರೆ ಯಾವುದೆಂಬ ವಿವೇಕವಿಲ್ಲ. ಕೈ ತೊಳೆದ ಮೇಲೆಯೂ ಈ ಯಂತ್ರಗಳ ಅಂಕೆಯು ನೂರಕ್ಕೆ ಹದಿನೈದರಷ್ಟು ಹಿಂದೆ ಮುಂದೆ ಆಗಬಹುದೆಂಬುದನ್ನು ಜಗತ್ತಿನ ಮಾನದಂಡವೇ ಒಪ್ಪಿಕೊಂಡಿದೆ. ಆದುದರಿಂದ ಒಂದು ಅಂಕೆ ಕಂಡು ಕುಣಿಯಲೂ ಬಾರದು, ಕುಸಿಯಲೂ ಬಾರದು; ಹತ್ತು ಅಂಕೆಗಳ ನಡಿಗೆಯನ್ನು ನೋಡತಕ್ಕದ್ದು. ಆದರೆ ೭೦ಕ್ಕಿಂತ ಕೆಳಗಿಳಿದು ಬೆವರು ನಡುಕಗಳು ಬಂದರೆ ಲೆಕ್ಕ ಹಾಕುತ್ತ ಕೂಡದೆ, ಕೂಡಲೆ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಕಾಲು ತಾಸಿನ ಮೇಲೆ ಮತ್ತೆ ನೋಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಇದು ಎಲ್ಲರಿಗೂ ತಿಳಿದಿರಬೇಕಾದ ಸಂಗತಿ.

ತಮ್ಮ ತೋಟದ ಹಣ್ಣನ್ನು ಅಣ್ಣನವರು ಬಿಡಬೇಕಾಯಿತೆಂದು ಯಾರೂ ಮರುಗಬೇಕಾದುದಿಲ್ಲ. ಅದನ್ನೂ ಅಳೆದೆವು. ಊಟದ ಬೆನ್ನಿಗೆ ಇಡಿಯ ಹಣ್ಣು ತಿಂದರೆ ಅಂಕೆಯು ಇನ್ನೂರನ್ನು ಮೀರುತ್ತದೆ. ಸಂಜೆಯ ಹೊತ್ತು ಒಂದು ಹಿಡಿ ಹುರಿದ ಶೇಂಗಾದೊಡನೆ ಅರ್ಧ ಹಣ್ಣು ತಿಂದರೆ ೧೭೦ರ ಒಳಗೆ ನಿಲ್ಲುತ್ತದೆ. ಉಳಿದ ಅರ್ಧವು ವೈನಿಯವರ ಪಾಲು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕೂತು ಉಣ್ಣುವಾಗ, ಅವರ ತಟ್ಟೆಯಲ್ಲಿ ಭಜ್ಜಿಯ ಪಲ್ಯವು ಗುಡ್ಡದಷ್ಟು, ಸಜ್ಜೆಯ ರೊಟ್ಟಿ ಒಂದು, ಕಡಬು ಒಂದು. ಮೊದಲೆಲ್ಲ ನಾಲ್ಕು ಕಡಬು ಉಣ್ಣುತ್ತಿದ್ದವರು ಈಗ ಆ ಒಂದನ್ನು ನಾಲ್ಕು ಕಡಬಿನಷ್ಟು ಹೊತ್ತು ಉಣ್ಣುತ್ತಾರೆ.

ನಮ್ಮ ಮನೆಯ ಕಥೆ ನಮ್ಮೊಬ್ಬರದೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯವರ ಸಮೀಕ್ಷೆಯ ಫಲವು ೨೦೨೩ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಜನರಿಗೆ ಮಧುಮೇಹವಿದೆಯೆಂದೂ, ಇನ್ನೂ ೧೩ ಕೋಟಿ ೬೦ ಲಕ್ಷ ಜನರು ಹೊಸಿಲಿನ ಮೇಲೆ ನಿಂತಿದ್ದಾರೆಂದೂ ಅದರಲ್ಲಿದೆ. ಅಣ್ಣನ ಮಗನೂ ಆ ಹೊಸಿಲಿನವನೇ. ಉಪವಾಸದ ಅಂಕೆ ೧೧೨. ಅವನಿಗೆ ನಾನು ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದ ಫಲವನ್ನು ಹೇಳಿದ್ದೇನೆ. ರೋಗದ ಅಂಚಿನಲ್ಲಿದ್ದ ಐನೂರಕ್ಕೂ ಮಿಕ್ಕ ಭಾರತೀಯರಲ್ಲಿ, ಊಟವನ್ನೂ ನಡಿಗೆಯನ್ನೂ ತಿದ್ದಿಕೊಂಡವರಿಗೆ ಮೂರು ವರ್ಷಗಳಲ್ಲಿ ರೋಗವು ಬರುವ ಸಂಭವವು ನೂರಕ್ಕೆ ೨೮.೫ರಷ್ಟು ತಗ್ಗಿತು. ಅವನು ಚಹದ ಸಕ್ಕರೆಯನ್ನು ಬಿಟ್ಟಿದ್ದಾನೆ. ತೋಟಕ್ಕೆ ಬೈಸಿಕಲ್ ಹೊಡೆಯುತ್ತಾನೆ.

ಮೂವತ್ತು ವರ್ಷ ದಾಟಿದವರಿಗೆ ಸರಕಾರೀ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆಯನ್ನು ಹಣವಿಲ್ಲದೆ ಮಾಡುತ್ತಾರೆ. ಯುಗಾದಿಗೆ ಮನೆಯನ್ನು ಸಾರಿಸಿ ಗುಡಿಸುವಂತೆ ವರ್ಷಕ್ಕೊಮ್ಮೆ ಮನೆಯವರೆಲ್ಲ ಅದನ್ನು ಮಾಡಿಸಿಕೊಂಡರೆ ಸಾಕು. ರೋಗವಿದ್ದವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗವನ್ನೂ ಮೂತ್ರದ ಆಲ್ಬುಮಿನ್ನನ್ನೂ ಪರೀಕ್ಷೆ ಮಾಡಿಸಬೇಕು. ಪಾದಗಳನ್ನಂತೂ ದಿನವೂ ನೋಡಿಕೊಳ್ಳಬೇಕು. ನಮ್ಮ ವೈನಿಯವರು ಪ್ರತಿರಾತ್ರಿ ಅಣ್ಣನವರ ಅಂಗಾಲುಗಳನ್ನು ದೀಪ ಹಿಡಿದು ನೋಡುತ್ತಾರೆ. ಅವರು ಈಗ ತೋಟದಲ್ಲಿಯೂ ಮೆಟ್ಟು ಬಿಡುವುದಿಲ್ಲ.

ಕಳೆದ ತಿಂಗಳು ನಾನು ಹೋದಾಗ ಅಣ್ಣನವರು ತಮ್ಮ ವಹಿಯನ್ನು ತೋರಿಸಿದರು. ಎಡಗಡೆಯ ಪುಟದಲ್ಲಿ ಗೊನೆಗಳ ಲೆಕ್ಕ, ಬಲಗಡೆಯ ಪುಟದಲ್ಲಿ ಸಕ್ಕರೆಯ ಲೆಕ್ಕ. ಮೂರು ತಿಂಗಳ ಪರೀಕ್ಷೆಯು ೭.೧ಕ್ಕೆ ಇಳಿದಿದ್ದಿತು, ನನ್ನದು ಆ ಸಲ ೭.೩. ಅವರು ಎರಡನ್ನೂ ಒಂದರ ಕೆಳಗೊಂದು ಬರೆದು, ಕಳೆದು ನೋಡಿ, “ಏನ್ರಿ ಮಾಸ್ತರ, ಮನ್ಯಾಗ ಕಡಬು ಜಾಸ್ತಿ ಆಗ್ಯಾವೇನು?” ಎಂದು ಕೇಳಿದರು.